ಲೋಹದ ತಗಡು ಬದಲಿಸಿದರೆ ಕಾರು ನೀರಿನಲ್ಲೇ ಓಡುತ್ತದೆಯೇ?

"ಈ ವಿಶೇಷ ಎಲೆಕ್ಟ್ರೋಡ್ ಹಾಕಿಸಿ, ಕಾರು ಬರೀ ನೀರಿನಲ್ಲೇ ಓಡುತ್ತದೆ" ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದರಲ್ಲಿ ಸ್ವಲ್ಪ ನಿಜವೂ ಇದೆ, ಅದಕ್ಕೇ ಜನ ನಂಬುತ್ತಾರೆ.

ವಿದ್ಯುತ್ ಹರಿಸಿ ನೀರನ್ನು ಒಡೆಯುವಾಗ ಹೈಡ್ರೋಜನ್ ಹುಟ್ಟುವುದು ಎಲೆಕ್ಟ್ರೋಡಿನ ಮೇಲ್ಮೈಯಲ್ಲಿ. ಲೆಕ್ಕದಲ್ಲಿ 1.23 ವೋಲ್ಟ್ ಸಾಕು. ಕಾರ್ಖಾನೆಗಳಲ್ಲಿ ಸುಮಾರು 1.8 ಬೇಕಾಗುತ್ತದೆ. ಪ್ಲಾಟಿನಂ ಈ ನಷ್ಟ ತಗ್ಗಿಸುತ್ತದೆ, ಆದರೆ ಬಲು ದುಬಾರಿ. ಅದಕ್ಕೆ ನಿಕ್ಕಲ್ ಜೊತೆ ಅಲ್ಯೂಮಿನಿಯಂ ಬೆರೆಸಿ, ಆಮೇಲೆ ಅಲ್ಯೂಮಿನಿಯಂ ಅನ್ನು ಕ್ಷಾರದಲ್ಲಿ ಕರಗಿಸಿ ತೆಗೆಯುತ್ತಾರೆ. ಉಳಿಯುವ ನಿಕ್ಕಲ್ ಸ್ಪಂಜಿನಂತೆ ತೂತುತೂತಾಗಿ, ಕ್ರಿಯೆ ನಡೆಯಲು ಹೆಚ್ಚು ಜಾಗ ಸಿಗುತ್ತದೆ. ವಿದ್ಯುತ್ ಉಳಿಯುತ್ತದೆ.

ಉಳಿತಾಯ ಅಷ್ಟೇ, ಪುಕ್ಕಟೆ ಅಲ್ಲ. ಒಂದು ಕಿಲೋ ಹೈಡ್ರೋಜನ್ನಿಗೆ ಈಗ ಸುಮಾರು 50 ಯೂನಿಟ್ ವಿದ್ಯುತ್ ಬೇಕು. ಅದನ್ನು ಉರಿಸಿದರೆ ಮರಳಿ ಸಿಗುವ ಶಕ್ತಿ 40 ಯೂನಿಟ್ ಸಹ ದಾಟದು. ಕಿಟ್‌ಗೆ ದುಡ್ಡು ಕಳಿಸುವ ಮುಂಚೆ ಒಂದೇ ಪ್ರಶ್ನೆ ಕೇಳಿ ಎನ್ನುತ್ತೇವೆ ನಾವು: ಆ ವಿದ್ಯುತ್ ಎಲ್ಲಿಂದ? ಪೆಟ್ರೋಲ್ ಕಾರಿನಲ್ಲಾದರೆ, ಪೆಟ್ರೋಲಿನಿಂದಲೇ.