ವೆಂಟಿಲೇಟರ್ ಜೋಡಿಸುವ ಕೆಲಸ

ಸಿಂಧನೂರಿಗೆ ಭತ್ತ, ಲಿಂಗಸುಗೂರಿಗೆ ಹಟ್ಟಿ ಚಿನ್ನದ ಗಣಿ, ಮಸ್ಕಿಗೆ ಅಶೋಕನ ಶಾಸನ ಹೆಸರು ತಂದಿವೆ. ಕಲ್ಯಾಣ ಕರ್ನಾಟಕದ ಈ ಸೀಮೆಯಲ್ಲಿ ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರ ಕಣ್ಣು ಹಟ್ಟಿ ಗಣಿ, ಶಕ್ತಿನಗರದ ವಿದ್ಯುತ್ ಸ್ಥಾವರಗಳ ಮೇಲಿರುವುದು ಸಹಜ. ಆದರೆ ವೈದ್ಯಕೀಯ ಉಪಕರಣ ತಯಾರಿಕೆಯ ಕೆಲಸ ಬೇಕೆಂದರೆ ಬೆಂಗಳೂರು, ಮೈಸೂರಿನ ಬಸ್ಸು ಹತ್ತಬೇಕು. 2020ರ ಕೋವಿಡ್ ಕಾಲದಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಸಂಸ್ಥೆಯು ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸದ ಮೇಲೆ 30,000 ವೆಂಟಿಲೇಟರ್ ತಯಾರಿಸಿಕೊಟ್ಟಿತು. ಇಂಥ ಯಂತ್ರ ಜೋಡಿಸುವ ಟೆಕ್ನಿಷಿಯನ್ ಮೊದಲು ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಳ್ಳುತ್ತಾರೆ; ಮೈಯಲ್ಲಿನ ಸ್ಥಿರ ವಿದ್ಯುತ್ತು ತಾಗಿದರೂ ಸರ್ಕ್ಯೂಟ್ ಬೋರ್ಡು ಕೆಟ್ಟೀತು. ಆಮೇಲೆ ಸ್ಕ್ರೂ ಬಿಗಿತಕ್ಕೂ ಅಳತೆ, ಗಾಳಿಯ ಕೊಳವೆಗೂ ಸೋರಿಕೆ ಪರೀಕ್ಷೆ. ಸೋರಿದರೆ ಯಂತ್ರ ಮುಂದಿನ ಟೇಬಲ್ಲಿಗೆ ಹೋಗುವಂತಿಲ್ಲ. ರೋಗಿಯ ದೇಹದೊಳಗೆ ಹಾಕುವ ಕ್ಯಾತಿಟರ್ ಕೊಳವೆಯಂಥ ಸಾಮಾನಾದರೆ ಟೋಪಿ, ಮಾಸ್ಕು, ಗ್ಲೌಸು ತೊಟ್ಟು, ದೂಳು ಸೇರದಂತೆ ಕಾಯ್ದ ಕ್ಲೀನ್ ರೂಮಿನಲ್ಲೇ ಕೆಲಸ. ಹಬೆಯ ಬಿಸಿ ತಡೆಯದ ಪ್ಲಾಸ್ಟಿಕ್ಕನ್ನು ಎಥಿಲೀನ್ ಆಕ್ಸೈಡ್ ಅನಿಲದಿಂದ ಕ್ರಿಮಿಮುಕ್ತ ಮಾಡುತ್ತಾರೆ. ಬ್ಯಾಚ್ ನಂಬರು, ತಾರೀಖು, ಸಹಿ ದಾಖಲಾಗದೆ ಯಾವುದೂ ಹೊರಬೀಳದು. ಫಿಟ್ಟರ್, ಎಲೆಕ್ಟ್ರಾನಿಕ್ಸ್ ಕಲಿತವರಿಗೆ ಇದು ಕೈಗೆಟುಕದ ವಿದ್ಯೆಯೇನಲ್ಲ. ಕಲ್ಯಾಣ ಕರ್ನಾಟಕದ ಐಟಿಐಗಳು ಕ್ಲೀನ್ ರೂಮಿನ ಶಿಸ್ತು, ದಾಖಲೆ ಬರೆಯುವ ಕ್ರಮವನ್ನೂ ಕಲಿಸಲಿ.