ಜೆಗಿಲಿಯ ನಕ್ಷತ್ರವೂ ಮಕ್ಕಳ ಕಣ್ಣೂ

ದೀವಳಿಗೆ ಹೇಳಿರೆ ಮದಲಿಂಗೆ ಎಂಗಳ ಕೊಕ್ಕಡ ಹೊಡೆಲಿ ಮಣ್ಣಿನ ಹಣತೆ, ಗೂಡುದೀಪ, ತೊಳಶಿಕಟ್ಟೆಯ ಸುತ್ತ ಎಣ್ಣೆಬತ್ತಿ, ಅಷ್ಟೇ. ಮತ್ತೆ ಮಾಲೆ ಬಲ್ಬು ಬಂತು. ಈಗ ಕೆಲವು ವರ್ಷಂದ ಹೊಸತ್ತೊಂದು ಸುರು ಆಯಿದು. ಅಂಗೈಲಿ ಹಿಡಿವಷ್ಟು ಸಣ್ಣ ಕಪ್ಪು ಡಬ್ಬಿ. ಕರೆಂಟು ಕೊಟ್ಟರೆ ಗೋಡೆ, ಮಾಡು, ಜಾಲಿನ ಕರೆಯ ತೆಂಗಿನ ಮರ, ಎಲ್ಲದರಲ್ಲಿಯೂ ಕೆಂಪು-ಹಸುರು ಚುಕ್ಕಿ. ನಕ್ಷತ್ರ ಉದುರಿದ ಹಾಂಗೆ ಕಾಣ್ತು. ಮಿನಿ ಲೇಸರ್ ಪ್ರೊಜೆಕ್ಟರ್ ಹೇಳಿ ಅದರ ಹೆಸರು. ಪೂಜೆ, ಉಪನಯನ, ತೊಟ್ಟಿಲು ಹಾಕುದು, ಎಲ್ಲಿಗೆ ಹೋದರೂ ಈಗ ಅದೊಂದು ಇರ್ತು.

ಎಂಗಳ ಮನೆಗೂ ಬಂತು. ತಂದದು ಆನೇ. ಹಾಂಗಾಗಿ ಆರನ್ನೂ ಬೈವಲೆ ಹೇಳಿ ಬರೆತ್ತಾ ಇಪ್ಪದಲ್ಲ.

ಕಳುದ ದೀವಳಿಗೆಗೆ ಮಗಳು, ಅಳಿಯ, ಪುಳ್ಳಿ ಬಂದಿತ್ತಿದ್ದವು. ಪುಳ್ಳಿಮಾಣಿಗೆ ಎಂಟು ವರ್ಷ. ಆನು ಡಬ್ಬಿಯ ಜೆಗಿಲಿಯ ನೆಲಲ್ಲಿ ಮಡಗಿ, ಸ್ವಿಚ್ಚು ಹಾಕಿ, ದೋಸೆ ಎರವಲೆ ಒಳ ಹೋದೆ. ರಜ್ಜ ಹೊತ್ತು ಕಳುದು ಬಾಗಿಲಿಂದ ನೋಡಿರೆ, ನಕ್ಷತ್ರ ಎಲ್ಲಿಂದ ಬತ್ತು ಹೇಳಿ ನೋಡ್ಲೆ ಮಾಣಿ ಡಬ್ಬಿಯ ಒಟ್ಟೆಗೆ ಕಣ್ಣು ಮಡಗಿದ್ದ. ಎನಗೆ ನೆಗೆ ಬಂತು. "ಎಷ್ಟು ಇದ್ದು ಲೆಕ್ಕ ಮಾಡು ಪುಟ್ಟಾ" ಹೇಳಿದೆ. ಆ ಒಂದು ಮಾತು ಈಗಳೂ ಎನ್ನ ಕೊರೆತ್ತು.

ಅವಂಗೆ ಬೇನೆ ಆಯಿದಿಲ್ಲೆ. ಕೂಗಿದ್ದನೂ ಇಲ್ಲೆ. ಹತ್ತು ದಿನ ಕಳುದು ಮಗಳ ಫೋನು ಬಂತು. "ಅಮ್ಮಾ, ಇವಂಗೆ ಓದುವಗ ಬಲದ ಕಣ್ಣಿಲಿ ಅಕ್ಷರದ ನೆಡುಕೆ ಒಂದು ಮಸಿ ಚುಕ್ಕಿ ಕಾಣ್ತಡ." ಕಣ್ಣಿನ ಡಾಕ್ಟ್ರು ಕಣ್ಣಿನ ಪರದೆಯ ಫೋಟೊ ತೆಗದು ನೋಡಿ, "ಮನೆಲಿ ಲೇಸರ್ ಎಂತಾದರೂ ಇದ್ದೋ?" ಹೇಳಿ ಕೇಳಿದವಡ. ಇದಕ್ಕೆ ಹೇಳಿ ಮದ್ದಿಲ್ಲೆ, ಕಾದು ನೋಡೆಕ್ಕಷ್ಟೆ, ಸುಮಾರು ಮಕ್ಕೊಗೆ ರಜ್ಜ ರಜ್ಜ ಕಮ್ಮಿ ಆವ್ತು, ಕೆಲವು ಮಕ್ಕೊಗೆ ಕಲೆ ಒಳಿತ್ತು ಹೇಳಿದವಡ. ಆರು ತಿಂಗಳಾತು. ಚುಕ್ಕಿ ಸಣ್ಣ ಆಯಿದು, ಹೋಯಿದಿಲ್ಲೆ.

ಅದರ ಮತ್ತೆ ಆನು ಅಳಿಯನ ಹತ್ತರೆ ಕೇಳಿ, ಓದಿ, ಒಂದಷ್ಟು ತಿಳ್ಕೊಂಡೆ. ಮದಲೇ ತಿಳ್ಕೊಂಡಿದ್ದರೆ ಆವ್ತಿತ್ತು.

ಆ ಡಬ್ಬಿಯ ಒಳ ಇಪ್ಪದು ಬಲ್ಬು ಅಲ್ಲ, ಲೇಸರ್ ಡಯೋಡು. ಸಾಸಮೆ ಕಾಳಿಂದಲೂ ಸಣ್ಣ ತುಂಡು. ಎಲ್‌ಇಡಿಗೆ ಅದು ತಮ್ಮನ ಹಾಂಗೆ; ಎರಡರಲ್ಲಿಯೂ ಕರೆಂಟು ಹೋಪಗ ಬೆಣಚ್ಚು ಬಪ್ಪದು. ಎಲ್‌ಇಡಿಯ ಬೆಣಚ್ಚು ಎಲ್ಲ ಹೊಡೆಂಗೂ ಚೆದರುತ್ತು. ಲೇಸರ್ ಡಯೋಡಿನ ಎರಡು ಕೊಡಿಯೂ ಕನ್ನಾಟಿಯ ಹಾಂಗೆ ಕೆಲಸ ಮಾಡ್ತು. ಬೆಣಚ್ಚು ಒಳವೇ ಆಚಿಗೆ ಈಚಿಗೆ ಬಡುದು, ಒಂದೇ ಬಣ್ಣಲ್ಲಿ ಒಂದೇ ತಾಳಲ್ಲಿ ಬೆಳದು ಹೆರ ಬತ್ತು. ಎದುರಾಣ ಸಣ್ಣ ಮಸೂರ ಅದರ ನೂಲಿನ ಹಾಂಗೆ ನೇರ ಮಾಡ್ತು. ತೋಟಕ್ಕೆ ನೀರು ಬಿಡುವವಕ್ಕೆ ಬೇಗ ಅಂದಾಜಿ ಅಕ್ಕು: ಬಲ್ಬು ಹೇಳಿರೆ ಸ್ಪ್ರಿಂಕ್ಲರು, ಲೇಸರ್ ಹೇಳಿರೆ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡುದ ನೀರು. ನೀರು ಅಷ್ಟೇ, ಪೆಟ್ಟು ಬೇರೆ.

ಒಟ್ಟೆಯ ಎದುರು ಕಣ್ಣಿಂಗೆ ಕಾಣದ್ದಷ್ಟು ಸಪೂರದ ಗೀರು ಇಪ್ಪ ತೆಳು ಹಾಳೆ ಇರ್ತು. ಒಂದು ಗೆರೆಯ ನೂರಾರು ಚುಕ್ಕಿ ಮಾಡುದು ಅದುವೇ. ದೂರದ ಗೋಡೆಲಿ ಒಂದೊಂದು ಚುಕ್ಕಿಗೂ ಸಿಕ್ಕುದು ರಜ್ಜ ರಜ್ಜ ಪಾಲು. ಆದರೆ ಒಟ್ಟೆಗೇ ಕಣ್ಣು ಮಡಗಿರೆ ಹರಡುವ ಮದಲೇ ಸುಮಾರು ಚುಕ್ಕಿಗೊ ಒಟ್ಟಿಂಗೆ ಕಣ್ಣಿನ ಒಳ ಹೋವ್ತು. ಅದರಲ್ಲಿ ನೆಡುಕಾಣ ಚುಕ್ಕಿ ಹೆಚ್ಚಾಗಿ ಬಾಕಿದ್ದರಿಂದ ಜೋರು.

ಎಂಗಳ ಡಬ್ಬಿಯ ಅಡಿಲಿ ಸಣ್ಣ ಅಕ್ಷರಲ್ಲಿ ಕೆಂಪು 100 ಮಿಲಿವಾಟ್, ಹಸುರು 50 ಮಿಲಿವಾಟ್ ಹೇಳಿ ಇತ್ತು. ಮನೆಯ ಬಲ್ಬು 9 ವಾಟ್, ಇದು ಒಂದು ವಾಟಿನ ಹತ್ತರಲ್ಲಿ ಒಂದು ಪಾಲು, ಇದರಲ್ಲಿ ಎಂತ ಇದ್ದು ಹೇಳಿ ನಾವು ಗ್ರೇಶುದು. ಆದರೆ ಸೂರ್ಯನ ದಿಟ್ಟ ನೋಡಿರೂ ಕಣ್ಣಿನ ಪಾಪೆಯ ಒಳ ಹೋಪದು ಕೆಲವೇ ಮಿಲಿವಾಟ್! ಲೇಸರಿನ ಲೆಕ್ಕಲ್ಲಿ 1 ಮಿಲಿವಾಟಿಂದ ಕಮ್ಮಿ ಇದ್ದರೆ, ಕಾಲು ಸೆಕೆಂಡಿಲಿ ರೆಪ್ಪೆ ತನ್ನಷ್ಟಕೇ ಮುಚ್ಚುದರಿಂದ ಕಣ್ಣು ಒಳಿತ್ತು. 5 ಮಿಲಿವಾಟಿಂದ ಮೇಗೆ ಹೋದರೆ ರೆಪ್ಪೆಯ ನಂಬುಲೆಡಿಯ. ಕಣ್ಣಿನ ಮಸೂರವೇ ಆ ಬೆಣಚ್ಚಿನ ಸೂಜಿಮೊನೆಯಷ್ಟು ಜಾಗೆಗೆ ಸೇರ್ಸಿ ಪರದೆಯ ಹೊತ್ತುಸುತ್ತು. ಪರದೆಗೆ ಬೇನೆಯ ನರ ಇಲ್ಲೆ. ಹಾಂಗಾಗಿ ಮಕ್ಕೊ ಕೂಗುತ್ತವಿಲ್ಲೆ.

ಹಸುರಿಲಿ ಇನ್ನೊಂದು ಗುಟ್ಟು ಇದ್ದು. ಕ್ರಯ ಕಮ್ಮಿಯ ಸುಮಾರು ಡಬ್ಬಿಲಿ ಡಯೋಡಿಂದ ಬಪ್ಪದು ಹಸುರು ಅಲ್ಲ, ಕಣ್ಣಿಂಗೆ ಕಾಣದ್ದ ಕಿರಣ. ಸಣ್ಣ ಹರಳಿನ ಒಳ ಹೋಗಿ ಅದು ಹಸುರು ಅಪ್ಪದು. ಸೋಸುವ ಗಾಜು ಹಾಕದ್ದೆ ಪೈಸೆ ಒಳುಶಿದ್ದರೆ ಆ ಕಾಣದ್ದ ಕಿರಣವೂ ಹೆರ ಬತ್ತು. ಕಾಣದ್ದಕ್ಕೆ ರೆಪ್ಪೆ ಮುಚ್ಚುತ್ತೋ?

ಆನು ಲೇಸರಿನ ವಿರೋಧಿ ಅಲ್ಲ. 1960ರಲ್ಲಿ ಅಮೇರಿಕಲ್ಲಿ ಮೈಮನ್ ಹೇಳ್ತವು ಸುರುವಾಣ ಲೇಸರ್ ಮಾಡಿದವು. 1962ರಲ್ಲಿ ರಾಬರ್ಟ್ ಹಾಲ್ ಹೇಳ್ತವು ಮಾಡಿದ ಡಯೋಡಿನ ದ್ರವ ನೈಟ್ರೋಜನಿಲಿ ತಣಿಶೆಕ್ಕಾಗಿತ್ತು. 1970ಕ್ಕೆ ಅದು ತಣಿಶದ್ದೆಯೂ ಹೊತ್ತುವ ಹಾಂಗಾತು, ಮತ್ತೆ ಸೀಡಿ ಪ್ಲೇಯರಿಂಗೆ, ಅಂಗಡಿಯ ಬಾರ್‌ಕೋಡಿಂಗೆ, ನಮ್ಮ ಇಂಟರ್‌ನೆಟ್ಟಿನ ಕೇಬಲಿಂಗೆ ಬಂತು. ಎನ್ನ ಅತ್ತೆಯ ಕಣ್ಣು ಸಕ್ಕರೆ ಕಾಯಿಲೆಲಿ ಹೋಪಲಾದ್ದರ ಒಳುಶಿದ್ದೂ ಆಸ್ಪತ್ರೆಯ ಲೇಸರೇ. ಅಲ್ಲಿ ಡಾಕ್ಟ್ರು ಅಳದು, ಬೇಕಾದ ಜಾಗೆಗೇ ಹೊತ್ತುಸುತ್ತವು. ಎಂಗಳ ಜೆಗಿಲಿಲಿ ಅಳವವು ಆರೂ ಇತ್ತಿದ್ದವಿಲ್ಲೆ, ಅಷ್ಟೇ ವೆತ್ಯಾಸ.

"ಎಂಗಳ ಮನೆಲಿಯೂ ಇದ್ದು, ಎಂತ ಆಯಿದಿಲ್ಲೆ" ಹೇಳಿ ಅತ್ತಿಗೆ ಹೇಳಿತ್ತು. ಆಗದ್ದದು ಪುಣ್ಯ. ದೊಡ್ಡ ಊರಿಲಿ ಇದರ ಸುಮ್ಮನೆ ಬಿಟ್ಟಿದವಿಲ್ಲೆ; 2024ರ ಗಣೇಶೋತ್ಸವಕ್ಕೆ ಪುಣೆಯ ಪೋಲೀಸರು ಮೆರವಣಿಗೆಲಿ ಲೇಸರ್ ಬೀಮ್ ಲೈಟು ಬೇಡ ಹೇಳಿ ಆದೇಶ ಮಾಡಿದವು. ಮೆರವಣಿಗೆಯ ಲೈಟು ದೊಡ್ಡದು, ನಮ್ಮದು ಸಣ್ಣದು, ಅಪ್ಪು. ಆದರೆ ಅದು ಇಪ್ಪದು ಎತ್ತರಲ್ಲಿ. ನಮ್ಮದು ಇಪ್ಪದು ಮಕ್ಕಳ ಮೋರೆಯ ಎದುರು.

2019ರ ಡಿಸೆಂಬರ 26ಕ್ಕೆ ಮಂಗಳೂರು-ಕಾಸರಗೋಡು ಹೊಡೆಲಿ ಕಂಕಣ ಸೂರ್ಯಗ್ರಹಣ ಆದ್ದು ನೆಂಪಿದ್ದನ್ನೆ? ಆ ದಿನ ನಾವು ಹೆಮ್ಮಕ್ಕೊ ಎಲ್ಲ ಮಕ್ಕಳ ಒಳ ಕೂರ್ಸಿ ಬಾಗಿಲು ಕಾದ್ದು. ಗ್ರಹಣಕ್ಕೆ ಅಷ್ಟು ಹೆದರಿದ ನಾವು, ಅದೇ ನಮುನೆಯ ಬೆಣಚ್ಚಿನ ಪೈಸೆ ಕೊಟ್ಟು ತಂದು, ಮಕ್ಕಳ ಕೈಗೇ ಕೊಡ್ತಾ ಇಪ್ಪದು.

ಎನ್ನ ಅಭಿಪ್ರಾಯ ಇಷ್ಟೇ: ಸಣ್ಣ ಮಕ್ಕೊ ಇಪ್ಪ ಮನೆಗೆ ಈ ಡಬ್ಬಿ ಬೇಡ. ಉಡುಗೊರೆ ಹೇಳಿಯೂ ಕೊಡೆಡಿ. ಚೆಂದಕ್ಕೆ ಎಲ್‌ಇಡಿಯ ಮಾಲೆ ಧಾರಾಳ ಸಾಕು. ಹಂದರಕ್ಕೆ ಬೇಕೇ ಬೇಕು ಹೇಳಿ ಆದರೆ ಆಳಿಂದ ಎತ್ತರಲ್ಲಿ, ಮಾಡಿಂಗೋ ಮರದ ಕೊಡಿಗೋ ಮೋರೆ ಮಾಡಿ ಕಟ್ಟುಸಿ. ಮಕ್ಕೊ ಕೂಬ ಹೊಡೆಂಗೆ ತಿರುಗುಸುಲಾಗ. ಕನ್ನಾಟಿ, ಸ್ಟೀಲಿನ ಪಾತ್ರ ಎದುರು ಬೇಡ, ಅದರಲ್ಲಿ ಬಡುದು ವಾಪಾಸು ಬತ್ತು. ಮೊಬೈಲಿನ ಕ್ಯಾಮರಾಕ್ಕೇ ಲೇಸರ್ ಬಡುದು ಗೆರೆ ಬೀಳ್ತಡ. ಕಣ್ಣಿನ ಬದಲುಸುಲೆ ಎಡಿಗೋ? ಮಿಲಿವಾಟ್ ಎಷ್ಟು ಹೇಳಿ ಬರೆಯದ್ದ ಡಬ್ಬಿಯ ಮುಟ್ಟೆಡಿ. ಜೆಂಬ್ರದ ಮನೆಲಿ ಲೈಟಿನವು ಬಂದರೆ ಎಲ್ಲಿ ಕಟ್ಟೆಕ್ಕು ಹೇಳಿ ಗೆಂಡುಮಕ್ಕೊ ಹೇಳಲಿ ಹೇಳಿ ಕೂರೆಡಿ, ನಿಂಗಳೇ ಹೋಗಿ ಹೇಳಿ. ಮಕ್ಕೊ ಎಲ್ಲಿ ಓಡುತ್ತವು ಹೇಳಿ ಗೊಂತಿಪ್ಪದು ನಮಗೆ.

ಬೇಸಗೆ ರಜೆಗೆ ಪುಳ್ಳಿ ಬಯಿಂದ. ನಿನ್ನೆ ಇರುಳು ಜಾಲಿಲ್ಲಿ ಹಸೆ ಹಾಕಿ ಮನುಗಿ, ಎಡದ ಕಣ್ಣು ಮುಚ್ಚಿ ಬಲದ ಕಣ್ಣಿಲಿ ಬಾನ ನೋಡಿಗೊಂಡಿತ್ತಿದ್ದ. "ಅಜ್ಜೀ, ಆನು ಸರೀ ನೋಡುವ ನಕ್ಷತ್ರವೇ ಕಾಣೆ ಆವ್ತು" ಹೇಳಿದ. ಎಂತ ಹೇಳುದು ಹೇಳಿ ಎನಗೆ ಗೊಂತಾಯಿದಿಲ್ಲೆ.

ನಿಂಗಳ ಮನೆಲಿ ಆ ಡಬ್ಬಿ ಇದ್ದರೆ ಇಂದೇ ಅಡಿ ತಿರುಗಿಸಿ ಎಷ್ಟು ಹೇಳಿ ಬರದ್ದು ನೋಡಿ, ಅಕ್ಕಂದ್ರೇ.