ಗೊರಗುಟ್ಟುವ ಫ್ಯಾನು, ಮೂಗು ಕೊಯ್ಯುವ ಚಿಕಿತ್ಸೆ

ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಗೊರಗುಟ್ಟಿದ್ದೇ ತಡ, ರಿಪೇರಿಗೆ ಬಂದವನು ಸ್ಕ್ರೂಡ್ರೈವರ್ ಕೂಡ ಹೊರತೆಗೆಯದೆ ತೀರ್ಪು ಕೊಡುತ್ತಾನೆ: 'ಮೋಟಾರ್ ಹೋಗಿದೆ ಸಾರ್, ಹೊಸದೇ ಹಾಕಿಸಿಬಿಡಿ.' ನೆಗಡಿಯಾಯಿತೆಂದು ಮೂಗು ಕೊಯ್ಯುವ ಈ ಚಿಕಿತ್ಸೆಗೆ ನಾವೂ ತಲೆಯಾಡಿಸುತ್ತೇವಲ್ಲ, ನನ್ನ ತಕರಾರು ಇರುವುದು ಅಲ್ಲಿ.

ಗದ್ದಲ ಮಾಡಿಕೊಂಡಾದರೂ ಫ್ಯಾನು ಜೋರಾಗಿ ತಿರುಗುತ್ತಿದೆಯೆಂದರೆ ಮೊದಲು ನೋಡಬೇಕಾದದ್ದು ರೆಕ್ಕೆ. ವರ್ಷಗಟ್ಟಲೆ ಒಗ್ಗರಣೆಯ ಹೊಗೆ ಕುಡಿದು ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಜಿಡ್ಡು ಮೆತ್ತಿರುತ್ತದೆ. ತೂಕ ತಪ್ಪಿದ ಮೇಲೆ ಅದು ನಡುಗದೆ ಏನು ಮಾಡೀತು? ಮೇನ್ ಸ್ವಿಚ್ ಆರಿಸಿ, ರೆಕ್ಕೆ ಬಿಚ್ಚಿ, ಬಿಸಿನೀರು ಸೋಪಿನಲ್ಲಿ ತೊಳೆದು, ಗೋಡೆಯ ಸ್ಕ್ರೂ ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯಿತು. ಮುಗಿಯದಿದ್ದರೆ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಆಡಿದರೆ ಬುಷ್ ಸವೆದಿದೆ, ಇಲ್ಲವೇ ಬೇರಿಂಗ್ ಹೋಗಿದೆ. ಬೇರಿಂಗಿನ ಮೈಮೇಲೆ ನಂಬರು ಇರುತ್ತದೆ. 608 ಎಂದಿದ್ದರೆ ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿಲಿಮೀಟರ್. ಯಾವ ಕಂಪನಿಯದಾದರೂ ಕೂರುತ್ತದೆ. (ತೆಂಗಿನೆಣ್ಣೆ ಬಿಡುವ ಮನೆಮದ್ದು ಮಾತ್ರ ಬೇಡ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ.)

ಇಷ್ಟು ಸಣ್ಣ ಕೆಲಸವನ್ನು ತಡೆಯುವವರು ಯಾರು? ಸ್ಕ್ರೂ ಇರಬೇಕಾದಲ್ಲಿ ರಿವೆಟ್ ಹೊಡೆದು ಮೋಟಾರನ್ನು ಮುಚ್ಚಿ ಮಾರುವವರು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 'ರಿಪೇರಿಯ ಹಕ್ಕು' ಎಂದು ಪೋರ್ಟಲ್ ತೆರೆಯಿತು, ಸಂತೋಷ. ಬಿಚ್ಚಲಾಗದ ಮೋಟಾರಿನ ಮುಂದೆ ಆ ಹಕ್ಕನ್ನು ಇಟ್ಟುಕೊಂಡು ಏನು ಮಾಡೋಣ? ಕೊಳ್ಳುವಾಗಲೇ ಫ್ಯಾನನ್ನು ತಿರುಗಿಸಿ ಹಿಂಬದಿ ನೋಡಿ. ರಿವೆಟ್ ಕಂಡರೆ ವಾಪಸು ಕೊಡಿ. ಯಾಕೆಂದು ಅಂಗಡಿಯಲ್ಲಿರುವ ನಾಲ್ಕು ಜನಕ್ಕೆ ಕೇಳಿಸುವಂತೆ ಹೇಳಿ.